ಅಕ್ಕನ ಬೆನ್ನಿಗೆ ಬೋಲ್ಟು

ನನ್ನ ಮಗನ ಮದುವೆಯಲ್ಲಿ ಕಳಸ ಹೊತ್ತಿದ್ದ ನನ್ನಕ್ಕ, ಗುಡಿಯಿಂದ ಚಪ್ಪರಕ್ಕೆ ಬರುವ ದಾರಿಯಲ್ಲಿ, ಹಾಲಿನ ಡೈರಿಯ ಮುಂದೆ ಅದನ್ನು ನೆಲಕ್ಕಿಟ್ಟು ಕುಳಿತುಬಿಟ್ಟಳು. ಸೋದರತ್ತೆ ಹೊತ್ತ ಕಳಸ ಚಪ್ಪರ ಸೇರುವ ತನಕ ನೆಲ ಮುಟ್ಟಬಾರದು. ವಾಲಗದವರು ಊದುತ್ತಲೇ ಮುಂದೆ ಹೋದರು. ಹಿಂದೆ ಮದುವೆಯೇ ಇಲ್ಲವೆಂದು ಅವರಿಗೆ ತಿಳಿದದ್ದು ಚಪ್ಪರದಲ್ಲಿ.

"ಕಾಲು ಮರಗಟ್ಟೋಯ್ತು ಕಣ್ಲಾ," ಎಂದಳು.

"ನೆನ್ನೆ ದಿನವೆಲ್ಲಾ ಬಗ್ಗಿ ಕೋಸು ಕುಯ್ದೆಯಲ್ಲ, ಅವಾಗ ಎಲ್ಲೋಗಿತ್ತು ನೋವು? ಕೊಟ್ಟ ಸೀರೆ ಹಿಡಿಸ್ಲಿಲ್ಲ ಅಂತ ಆಟ ಕಟ್ತಾ ಇದೀಯ!" ಎಂದು ಬೀಗರ ಎದುರಿಗೇ ಅರಚಿದೆ.

ಅವಳು ಕೂತಲ್ಲೇ ಸೀರೆಯ ನಿರಿಗೆ ಸರಿಮಾಡಿಕೊಂಡಳು. ನನಗೆ ಅದೇ ಸಾಕ್ಷಿಯಾಯಿತು. ಆಮೇಲೆ ತಳಿ ಊರಿಗೆ ಹೋಗುವ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಅಕ್ಕನ ನಾಟಕವನ್ನು ಆಡಿ ತೋರಿಸಿದೆ.

ಅನುಮಾನಕ್ಕೆ ಕಾರಣವೂ ಇತ್ತು. ತೋಟದಲ್ಲಿ ಬಗ್ಗಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ನೆಟ್ಟಗೆ ನಿಂತು ಸ್ವಲ್ಪ ನಡೆದರೆ ಕಾಲು ಜೋಮು. ನನ್ನ ಮೊಪೆಡ್ಡಿನ ಹ್ಯಾಂಡಲ್ ಮೇಲೆ ಒರಗಿ ತಳ್ಳಿಕೊಂಡು ಹೋದರೆ ಮಾತ್ರ ಸಂತೆಯವರೆಗೂ ನಡೆಯುತ್ತಿದ್ದಳು. ಗಾಡಿ ಓಡಿಸಲು ಬಾರದವಳು ದಿನವೂ ಗಾಡಿ ತಳ್ಳುವುದನ್ನು ನೋಡಿ ಊರು ನಗುತ್ತಿತ್ತು. "ನಮ್ಮಕ್ಕ ಪೆಟ್ರೋಲ್ ಉಳಿಸ್ತಾವ್ಳೆ" ಎಂದು ನಾನೂ ನಗಿಸಿದೆ.

ಒಂದು ದಿನ ಅಂಗಳದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಕುಸಿದಳು. ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ತಮಿಳಿನಲ್ಲಿ ಕೇಳಿದ ಮೊದಲ ಮಾತೇ, "ಕುನಿಂಜಾ ನಲ್ಲಾ ಇರುಕ್ಕಾ?" ಬಗ್ಗಿದರೆ ಆರಾಮಾಗುತ್ತಾ ಎಂದು. ನನ್ನ ಕಿವಿ ಬಿಸಿಯಾಯಿತು.

ಬೆನ್ನುಮೂಳೆಯೊಳಗೆ ನರ ಹಾಯುವ ದಾರಿ ಕಿರಿದಾಗಿದೆಯಂತೆ. ನೆಟ್ಟಗೆ ನಿಂತರೆ ಅದು ಇನ್ನೂ ಬಿಗಿದು ನರವನ್ನು ಹಿಸುಕುತ್ತದೆ, ಬಗ್ಗಿದರೆ ತುಸು ಸಡಿಲವಾಗುತ್ತದೆ. ಮಾತ್ರೆ, ವ್ಯಾಯಾಮ, ಬೆನ್ನಿಗೆ ಇಂಜೆಕ್ಷನ್ ಎಲ್ಲ ಆಯಿತು, ಗುಣ ಕಾಣಲಿಲ್ಲ. ಕೊನೆಗೆ ಡಾಕ್ಟರು ಆಪರೇಷನ್ ಮಾತೆತ್ತಿದರು. ನರವನ್ನು ಒತ್ತುವ ಮೂಳೆಯನ್ನಷ್ಟೇ ತೆಗೆದು ದಾರಿ ಅಗಲ ಮಾಡುವುದು ಒಂದು ಬಗೆ. ಮೂಳೆ ಜಾರಿ ಅಲುಗಾಡುತ್ತಿದ್ದರೆ ಸ್ಕ್ರೂ, ಕಂಬಿ ಹಾಕಿ ಬೆಸೆಯುವುದು ಇನ್ನೊಂದು. ಅಕ್ಕನ ಮೂಳೆ ಜಾರಿಲ್ಲ, ಮೊದಲನೆಯದೇ ಸಾಕು ಎಂದರು.

ನಾನು ಶಾಲೆಗಿಂತ ಹೆಚ್ಚು ಕಲಿತದ್ದು ಲಾರಿ ಕಾರ್ಖಾನೆಯಲ್ಲಿ. ಬೋಲ್ಟು ಬಿಗಿಯದ ಯಾವುದೂ ನಿಲ್ಲುವುದಿಲ್ಲವೆಂದು ನನ್ನ ನಂಬಿಕೆ. ಜೊತೆಗೆ, ಬೀಗರ ಎದುರಿಗೆ ಅಷ್ಟು ಅಂದ ಮೇಲೆ ಅಕ್ಕನಿಗೆ ಸಣ್ಣ ಆಪರೇಷನ್ ಕೊಡಿಸಲು ಮನಸ್ಸು ಒಪ್ಪಲಿಲ್ಲ.

"ಸಾರ್, ಎರಡೂ ಮಾಡ್ಬುಡಿ."

"ಬೇಕಾಗಿಲ್ಲಪ್ಪ."

"ಎರಡೇ ಎರಡು ಬೋಲ್ಟಾದ್ರೂ ಹಾಕಿ ಸಾರ್. ನನ್ ಸಮಾಧಾನಕ್ಕೆ."

"ಸುಮ್ಕಿರ್ಲಾ!" ಎಂದಳು ಅಕ್ಕ. "ನಿನ್ ತಪ್ಪಿಗೆ ನನ್ ಬೆನ್ನಿಗ್ಯಾಕ್ಲಾ ಬೋಲ್ಟು? ಬೇಕಾದ್ರೆ ನಿನ್ ಬಾಯಿಗೆ ಹಾಕಿಸ್ಕೋ."

ಕನ್ನಡ ಬರದೆಂದು ನಾವು ತಿಳಿದಿದ್ದ ನರ್ಸಮ್ಮ ಗೋಡೆ ಕಡೆ ತಿರುಗಿ ನಕ್ಕಳು. ಅಕ್ಕ ಡಾಕ್ಟರನ್ನು ಕೇಳಿದಳು, "ಮೊದಲಿನಂಗೆ ನಡೀತೀನಾ?" ಕಾಲಿನ ನೋವು ಬಹಳ ಜನಕ್ಕೆ ಇಳಿಯುತ್ತದೆ, ಜೋಮು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. ಅವಳು "ಮಾಡಿ" ಎಂದಳು.

ಬೋಲ್ಟಿಲ್ಲದೆಯೇ ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ, ಸೊಸೆಯ ಸೀಮಂತಕ್ಕೆ ಗುಡಿಯಿಂದ ಕಳಸ ತರುವುದಿತ್ತು. ಅಕ್ಕನೇ ಹೊತ್ತಳು. ನಾನು ಹಿಂದೆ ಪ್ಲಾಸ್ಟಿಕ್ ಸ್ಟೂಲು ಹಿಡಿದು ನಡೆದೆ. ಡೈರಿಯ ಮುಂದೆ ಅವಳು ನಿಂತಳು. ಈ ಸಲ ವಾಲಗದವರೂ ನಿಂತರು.

"ನೋವಾ ಅಕ್ಕ? ಕೂತ್ಕೊ."

"ಎಡಗಾಲು ಒಸಿ ಜುಮ್ ಅಂತೈತೆ, ಅಷ್ಟೇಯ. ಇಲ್ಲೇ ಅಲ್ವೇನ್ಲಾ ನೀನು ಅರಚಿದ್ದು? ಹಿಡ್ಕೊ."

ಕಳಸವನ್ನು ನನ್ನ ತಲೆಯ ಮೇಲಿಟ್ಟು, ಸ್ಟೂಲು ಕಿತ್ತುಕೊಂಡು ಕಂಕುಳಲ್ಲಿ ಇರುಕಿಕೊಂಡು ಮುಂದೆ ಹೊರಟಳು. ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ಚಪ್ಪರ ಬಹಳ ದೂರ ಕಂಡಿತು.

"ಬಗ್ಗಬ್ಯಾಡ ಕಣ್ಲಾ," ಎಂದಳು ಅಕ್ಕ, ಹಿಂದಿರುಗಿ ನೋಡದೆ. "ನೆಟ್ಟಗ್ ನಡಿ."