ಚಿರತೆಗೆ ಸಾಕ್ಷಿ

ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ನನ್ನ ಬೆಂಚಿನಲ್ಲೇ ಕೂತಿದ್ದ ಇಬ್ಬರು ಕಾಲೇಜು ಮೇಷ್ಟ್ರು ಯೇಸುವಿನ ವಿಚಾರಕ್ಕೆ ಜಗಳ ಹಚ್ಚಿಕೊಂಡಿದ್ದರು. ಕನ್ನಡಕದವರು, "ಅವನ ಕಥೆ ನಾಲ್ಕು ಜನ ಬರೆದಿದ್ದಾರೆ, ನಾಲ್ಕೂ ಬೇರೆ ಬೇರೆ. ಹೇಗ್ರೀ ನಂಬೋದು?" ಎಂದರು.

ಆ ಮಾತು ನನಗೂ ತಾಗಿತು. ತಾಳ್ಯದ ಹತ್ತಿರ ನನ್ನ ಕುರಿಮಂದೆಗೆ ನುಗ್ಗಿದ ಚಿರತೆಯನ್ನು ನಾನು ಬರಿಗೈಯಲ್ಲಿ ಕೊಂದ ಕಥೆಯನ್ನೂ ನಮ್ಮ ಕಡೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನೇ ಹೇಳುವಾಗಲೂ ಚಿರತೆ ಸ್ವಲ್ಪ ಬೆಳೆದಿರುತ್ತದೆ.

"ಹಂಗಾರೆ ನನ್ ಚಿರತೆನೂ ಸುಳ್ಳೇನ್ರಿ ಸ್ವಾಮಿ?" ಅಂತ ಕೇಳಿ ಇಡೀ ಕಥೆ ಹೇಳಿದೆ.

ಟೀ ಅಂಗಡಿ ತಿಪ್ಪೇಶಿ ನಕ್ಕ. "ಇಲ್ಲಿ ಯಾರೂ ನಂಬಲ್ಲ ಬಿಡ್ರಿ ಸಾರ್."

ಗಡ್ಡದ ಮೇಷ್ಟ್ರು ನನ್ನ ಕಡೆ ತಿರುಗಿದರು. "ನೋಡಜ್ಜಾ, ಕಥೆ ಕಟ್ಟೋರು ತಮಗೇ ಅವಮಾನ ಆಗೋದನ್ನ ಸೇರಿಸಲ್ಲ. ಯೇಸುವನ್ನ ಹಿಡಿದಾಗ ಶಿಷ್ಯರು ಬಿಟ್ಟು ಓಡಿದರು ಅಂತ ಅವರ ಕಡೆಯವರೇ ಬರೆದಿದ್ದಾರೆ. ಅದಕ್ಕೇ ಅದನ್ನ ನಾನು ನಂಬ್ತೀನಿ. ನಿನ್ನ ಕಥೇಲಿ ಅಂಥದ್ದೇನಾದ್ರೂ ಇದೆಯಾ?"

ತಿಪ್ಪೇಶಿಯ ಮುಂದೆ ಚಿರತೆಯನ್ನು ಉಳಿಸಿಕೊಳ್ಳಲೇಬೇಕಿತ್ತು.

"ಐತೆ ಸ್ವಾಮಿ. ಮೊದ್ಲು ಕಂಬಳಿ ಬಿಸಾಕಿ ಬೇವಿನ ಮರ ಹತ್ತಿದ್ದೆ. ಕುರಿ ಅರಚಿದ ಮ್ಯಾಲೇ ಇಳಿದಿದ್ದು."

ಗಡ್ಡದವರು ನನ್ನ ಬೆನ್ನು ತಟ್ಟಿದರು. ಕನ್ನಡಕದವರೂ, "ಹಾಗಾದ್ರೆ ಏನೋ ಒಂದು ನಡೆದಿರಬೇಕು" ಎಂದು ಒಪ್ಪಿದರು. ಅಷ್ಟರಲ್ಲಿ ರೈಲು ಬಂತು, ಇಬ್ಬರೂ ಹತ್ತಿ ಹೋದರು.

ತಿಪ್ಪೇಶಿಯ ಬಾಯಿಂದ ಸುದ್ದಿ ಹಬ್ಬಿ, ಈಗ ಹೊಳಲ್ಕೆರೆ ತನಕ ಎಲ್ಲರೂ ನಾನು ಮರ ಹತ್ತಿದ್ದನ್ನು ನಂಬುತ್ತಾರೆ. ಚಿರತೆ ಮಾತು ಯಾರೂ ಎತ್ತುವುದಿಲ್ಲ. ಆ ಕಥೆಯಲ್ಲಿ ನಾನು ಕಟ್ಟಿ ಹೇಳಿದ್ದು ಮರದ ವಿಚಾರ ಒಂದೇ.