ಹದಿನೇಳು ನಂಬರ್ ಫಾರ್ಮ್

ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ನಾಗಪುರದ ರೈಲ್ವೆ ಕಾಲೊನಿಯಲ್ಲಿ ನನಗೊಬ್ಬಳಿಗೆ ಹಬ್ಬ. ಜಿಲ್ಲೆಯ ಯಾವ ಹೈಸ್ಕೂಲಿಗೆ ಎಷ್ಟು ಶೇಕಡಾ ಎಂದು ಮರಾಠಿ ಪೇಪರು ನೋಡಿ ಡೈರಿಯಲ್ಲಿ ಬರೆದುಕೊಂಡು, ಹೋಲಿಸಿ, ಸಿಕ್ಕವರಿಗೆಲ್ಲ ಉಪದೇಶ ಕೊಡುತ್ತಿದ್ದೆ. ಯಾರೂ ಕೇಳಿರುತ್ತಿರಲಿಲ್ಲ, ಅದು ಬೇರೆ ಮಾತು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು ಮಕ್ಕಳ ಅಡ್ಮಿಶನ್‌ಗೆ ಮೊದಲು ನನ್ನನ್ನು ಕಾಣಲೇಬೇಕು ಎನ್ನುವಷ್ಟು ಜಂಬ.

ಮಗಳನ್ನು ಸೇರಿಸಿದ್ದೂ ಡೈರಿಯ ಪ್ರಕಾರವೇ, ವರ್ಷ ವರ್ಷವೂ ನೂರಕ್ಕೆ ನೂರು ತರುವ ಶಾಲೆಗೆ. ಮನೆ ಹತ್ತಿರದ ಶಾಲೆಯಲ್ಲಿ ಒಂದಿಷ್ಟು ಮಕ್ಕಳು ಫೇಲಾಗುತ್ತಿದ್ದರು. ಅತ್ತ ನಾನು ತಿರುಗಿಯೂ ನೋಡಲಿಲ್ಲ.

ಒಂಬತ್ತನೆಯ ತರಗತಿಯ ಗಣಿತದಲ್ಲಿ ಅವಳು ಡುಮ್ಕಿ ಹೊಡೆದಳು. ಹೆಡ್‌ಮಿಸ್ಟ್ರೆಸ್ ನಮ್ಮಿಬ್ಬರನ್ನೂ ಕರೆಸಿ, "ಟೆನ್ಶನ್ ಘೇಊ ನಕಾ" ಎಂದು ಮರಾಠಿಯಲ್ಲಿ ಸಮಾಧಾನ ಮಾಡಿ, ಹದಿನೇಳು ನಂಬರ್ ಫಾರ್ಮ್ ಮುಂದಿಟ್ಟರು. ಅಂದರೆ ಮಗಳ ಹೆಸರನ್ನು ಶಾಲೆಯಿಂದ ತೆಗೆದು, ಹತ್ತನೆಯ ಪರೀಕ್ಷೆಗೆ ಹೊರಗಿನವಳಾಗಿ ಕೂರಿಸುವುದು. ಫೇಲಾದರೂ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ವರ್ಷ ಏಳೆಂಟು ಮಕ್ಕಳಿಗೆ ಹೀಗೇ ಮಾಡುತ್ತೇವೆ ಎಂದರು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ತಣ್ಣಗೆ.

ನೂರಕ್ಕೆ ನೂರರ ಗುಟ್ಟು ಅಲ್ಲಿ ರಟ್ಟಾಯಿತು. ಇಷ್ಟು ವರ್ಷ ಕನ್ನಡಕ ಏರಿಸಿಕೊಂಡು ನಾನು ಹೋಲಿಸಿ ನೋಡಿದ್ದೆಲ್ಲ ಹೆಡ್‌ಮಿಸ್ಟ್ರೆಸ್‌ಗಳ ಜಾಣತನ!

ಜಗಳ ತೆಗೆಯಬೇಕಿತ್ತು. ಬಾಯಿ ಮಾಡುವುದರಲ್ಲಿ ನಾನೇನು ಕಡಿಮೆಯಲ್ಲ. ಆದರೆ ಇವಳೊಬ್ಬಳಿಂದ ಆ ನೂರು ಮುರಿದರೆ ಕಾಲೊನಿಯಲ್ಲಿ ಮರ್ಯಾದೆ ಹೋಗುವುದು ನನ್ನದೇ ಎನಿಸಿತು.

"ನಾ ಪಾಸ್ ಆಗ್ತೇನವ್ವಾ, ಪಕ್ಕಾ," ಎಂದಳು ಮಗಳು.

"ಸುಮ್ಮನಿರು, ಮೇಡಂ ಬರೋಬರ್ ಹೇಳಾಕತ್ತಾರ," ಎಂದು ತೆಪ್ಪಗೆ ಸಹಿ ಹಾಕಿದೆ.

ವರ್ಷವಿಡೀ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಲೆಕ್ಕ ಬಿಡಿಸಿದಳು. ಬೇಸರ ಬಂದಾಗ ಆ ಶಾಲೆಗೆ ಹಿಂದಿಯಲ್ಲಿ ಬೈದಳು, ನಾನು ಕೇಳಿಸದವಳ ಹಾಗೆ ಇದ್ದೆ. ಫಲಿತಾಂಶದ ದಿನ ಮೊಬೈಲು ನೋಡಿದರೆ ಪಾಸು, ಗಣಿತದಲ್ಲಿ ನಲವತ್ತೆರಡು! ಕುಣಿದಾಡಿ, ಪೇಢಾ ತರಲು ಗಂಡನನ್ನು ಸೀತಾಬರ್ಡಿ ಪೇಟೆಗೆ ಓಡಿಸಿದೆ. ಅತ್ತ ಶಾಲೆಗೂ ಎಂದಿನಂತೆ ನೂರಕ್ಕೆ ನೂರು.

ಮಗಳು ಚಪಾತಿ ಹರಿಯುತ್ತ ಕೇಳಿದಳು: "ನಾ ಸಾಲ್ಯಾಗ ಇದ್ದಿದ್ರೂ ಅವರದು ನೂರೇ ಆಗ್ತಿತ್ತಲ್ಲವ್ವಾ. ಮೇಡಂಗ ನನ್ನ ಮ್ಯಾಲ ಭರೋಸಾ ಇರಲಿಲ್ಲ, ಠೀಕ್ ಐತಿ. ನಿನಗೂ ಇರಲಿಲ್ಲೇನು?"

ಇರಲಿಲ್ಲ. ಹಾಗೆಂದು ಅವಳ ಮುಖ ನೋಡಿ ಹೇಳುವ ಧೈರ್ಯವೂ ಇರಲಿಲ್ಲ.