ಏಳು ದಿನವೂ ತೆರೆದ ಅಂಗಡಿ

ಪುಣೆಯ ರವಿವಾರ ಪೇಠೆಯಲ್ಲಿ ಶಿವಪುತ್ರಪ್ಪನ ಅಂಗಡಿ ಯಾವುದು ಎಂದು ಕೇಳಿದರೆ ಕುರುಡನೂ ತೋರಿಸುತ್ತಿದ್ದ. ಅದಕ್ಕೆ ಕಣ್ಣು ಬೇಕಿರಲಿಲ್ಲ, ಮೂಗು ಸಾಕಿತ್ತು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಓಣಿಯ ತಿರುವಿಗೇ ಬಂದು ಎದುರುಗೊಳ್ಳುತ್ತಿತ್ತು. ಅಂಗಡಿಯೇನು ದೊಡ್ಡದಲ್ಲ. ಎರಡು ಎತ್ತು ಒಳಗೆ ಕಟ್ಟಿದರೆ ಮೂರನೆಯದು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಒಳಗೆ ಮೆಣಸಿನಕಾಯಿ, ಬೆಲ್ಲ, ಹುಣಸೆಹಣ್ಣು. ಮುಂದೆ ನಾಲ್ಕು ಜನ ಕೂಡುವಂಥ ಒಂದು ಕಲ್ಲಿನ ಕಟ್ಟೆ.

ಶಿವಪುತ್ರಪ್ಪ ಜಮಖಂಡಿ ಕಡೆಯ ಲಿಂಗಾಯತ. ಮೀಸೆ ಚಿಗುರುವ ವಯಸ್ಸಿನಲ್ಲಿ ಪುಣೆಗೆ ಬಂದವನು, ಮದುವೆಯಾದ ಮೇಲೆ ಹತ್ತಿರದ ಒಂದು ವಾಡೆಯಲ್ಲಿ ಕೋಣೆ ಹಿಡಿದು ಹೆಂಡತಿ ಶಿವಗಂಗವ್ವನನ್ನು ಕರೆತಂದಿದ್ದ. ಇನ್‌ಫ್ಲುಯೆಂಜಾ ಬಂದ ವರ್ಷ ಆಕೆ ಹೋದಳು. ಆಕೆ ಹೋಗಿ ತಿಂಗಳು ಕಳೆಯುವುದರೊಳಗೆ ವಾಡೆಯ ಯಜಮಾನ ಅವನನ್ನು ಕರೆಸಿ ಮೆತ್ತಗೆ ಹೇಳಿದ: ಇದು ಸಂಸಾರಸ್ಥರ ವಾಡೆ, ಹೆಣ್ಣುಮಕ್ಕಳು ನೀರಿಗೆ ಬರುವ ಅಂಗಳ, ಒಂಟಿ ಗಂಡಸನ್ನು ಇಟ್ಟುಕೊಳ್ಳುವ ರೂಢಿ ಇಲ್ಲ. ಶಿವಪುತ್ರಪ್ಪ ಜಗಳ ಮಾಡಲಿಲ್ಲ. ಊರಲ್ಲಿ ಅವನ ಅಪ್ಪನೇ ಆಗಿದ್ದರೂ ಇದನ್ನೇ ಹೇಳುತ್ತಿದ್ದ. ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಬಂದು ಚೀಲಗಳ ಹಿಂದೆ ಹಾಸಿಕೊಂಡ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಹಾಸಿಗೆ ಅಲ್ಲಿಂದ ಏಳಲಿಲ್ಲ. ಮತ್ತೊಂದು ಮದುವೆ ಮಾಡಿಕೊ ಎಂದು ಹೇಳಿದವರು ಹೇಳಿ ಹೇಳಿ ದಣಿದರು. ಅವನಿಗೆ ಶಿವಗಂಗವ್ವ ಸಾಕಾಗಿರಲಿಲ್ಲ, ಅದಕ್ಕೇ ಇನ್ನೊಬ್ಬಳು ಬೇಡವಾಗಿದ್ದಳು.

ಅವನನ್ನು ಯಾರೂ ಮನೆಗೆ ಕರೆಯುತ್ತಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಒಬ್ಬರ ಮನೆಗೆ ಜಾತಿ ಅಡ್ಡ, ಇನ್ನೊಬ್ಬರ ಮನೆಗೆ ಮಡಿ ಅಡ್ಡ, ಉಳಿದವರ ಮನೆಗೆ ಹೆಂಡತಿ ಇಲ್ಲದಿರುವುದೇ ಅಡ್ಡ. ಆದರೆ ಅಂಗಡಿಯ ಕಟ್ಟೆಗೆ ಈ ಯಾವುದೂ ಲಾಗೂ ಆಗುತ್ತಿರಲಿಲ್ಲ. ಭಟ್ಟರೂ ಅಲ್ಲೇ, ಟಾಂಗಾದವನೂ ಅಲ್ಲೇ. ಗೌರಾಬಾಯಿ ಎಂಬ ಮರಾಠರ ಹೆಂಗಸು ದಿನಾ ಬೆಳಿಗ್ಗೆ ಬೆಲ್ಲಕ್ಕೆ ಬಂದು, ಬೆಲ್ಲ ಕಟ್ಟಿಸಿಕೊಂಡ ಮೇಲೂ ಗಳಿಗೆ ಹೊತ್ತು ಕೂತು ಸೊಸೆಯ ದೂರು ಹೇಳುತ್ತಿದ್ದಳು. ಅವಳ ಮೊಮ್ಮಗನಿಗೆ ದಡಾರ ಎದ್ದದ್ದು, ಗಂಡನ ಮಂಡಿನೋವು, ಗೋಡೆ ಸೋರುವುದು ಎಲ್ಲ ಶಿವಪುತ್ರಪ್ಪನಿಗೆ ಬಾಯಿಪಾಠ. ಆ ಗೋಡೆಯನ್ನು ಮಾತ್ರ ಅವನು ನೋಡಿರಲಿಲ್ಲ.

ಹೀಗಿರುವಾಗ ಕಾಯದೆ ಬಂತು. ಜರ್ಮನಿಯ ಸಂಗಡ ಯುದ್ಧ ಹೂಡಿ ಕೂತಿದ್ದ ಸರಕಾರಕ್ಕೆ ಶಿವಪುತ್ರಪ್ಪನ ವಿಶ್ರಾಂತಿಯ ಕಾಳಜಿ ಅದೆಲ್ಲಿಂದ ಹುಟ್ಟಿತೋ, ಅಂಗಡಿಗಳೆಲ್ಲ ವಾರಕ್ಕೊಂದು ದಿನ ಮುಚ್ಚಿರಬೇಕು ಎಂದು ಹುಕುಂ ಆಯಿತು. ಕಾಯದೆ ಕೆಟ್ಟದ್ದೇನಲ್ಲ, ಸುಳ್ಳು ಹೇಳಬಾರದು. ಲಕ್ಷ್ಮೀ ರಸ್ತೆಯ ದೊಡ್ಡ ಅಂಗಡಿಗಳಲ್ಲಿ ಎತ್ತಿನ ಹಾಗೆ ದುಡಿಯುತ್ತಿದ್ದ ನೌಕರರು ಅವತ್ತು ಪೇಢೆ ಹಂಚಿದರು. ಆದರೆ ಕಾಯದೆ ಬರೆದವನಿಗೆ ಮನೆಯಿತ್ತು. ಎಲ್ಲರಿಗೂ ಇರುತ್ತದೆ ಎಂದುಕೊಂಡೇ ಬರೆದಿದ್ದ.

ಇನ್‌ಸ್ಪೆಕ್ಟರು ಎಳೆಯ ವಯಸ್ಸಿನ ಮರ್ಯಾದಸ್ಥ. ಮರಾಠಿಯಲ್ಲಿ ಕೇಳಿದ, "ಯಾವ ದಿನ ಮುಚ್ಚುತ್ತೀರಿ? ನಿಮಗೆ ಬೇಕಾದ ವಾರ ಹೇಳಿ."

"ಮುಚ್ಚಿ ಎಲ್ಲಿಗೆ ಹೋಗಲಿ ಸಾಹೇಬರೇ?"

"ಮನೆಗೆ."

"ಮನೆ ಇದೇ."

ಇನ್‌ಸ್ಪೆಕ್ಟರು ಒಳಗೆ ಬಗ್ಗಿ ನೋಡಿದ. ಚೀಲ, ತಕ್ಕಡಿ, ಸುತ್ತಿಟ್ಟ ಹಾಸಿಗೆ, ಗೂಡಿನಲ್ಲಿ ಇಭೂತಿ. ಪುಸ್ತಕ ತೆರೆದು, "ನನ್ನ ಪುಸ್ತಕದಲ್ಲಿ ಇದು ಅಂಗಡಿ," ಎಂದ. ಶಿವಪುತ್ರಪ್ಪ ಶಿವನ ವಾರವೆಂದು ಸೋಮವಾರ ಬರೆಸಿದ.

ಮೊದಲ ಸೋಮವಾರ ಬಾಗಿಲ ಹಲಗೆಗಳನ್ನೆಲ್ಲ ಹಾಕಿ, ಗಾಳಿಗೆಂದು ಒಂದೇ ಒಂದು ತೆಗೆದು, ಆ ಸಂದಿಯಲ್ಲಿ ಕೂತ. ಗೌರಾಬಾಯಿ ಬಂದಳು. ಇವತ್ತು ಬೆಲ್ಲವಿಲ್ಲ ಎಂದ. ಬೇಡ ಬಿಡು ಎಂದು ಅವಳು ಕಟ್ಟೆಯ ಮೇಲೆ ಕೂತು ಸೊಸೆಯ ವಿಚಾರ ಎತ್ತಿದಳು. ಅಷ್ಟರಲ್ಲಿ ಇನ್‌ಸ್ಪೆಕ್ಟರು. ಹಲಗೆ ತೆರೆದಿದೆ, ತಕ್ಕಡಿ ಒಳಗಿದೆ, ಗಿರಾಕಿ ಹೊರಗಿದ್ದಾಳೆ. ಇನ್ನು ಅಂಗಡಿ ತೆರೆದಿಲ್ಲ ಎಂದರೆ ಯಾವ ಕೋರ್ಟು ಕೇಳೀತು? ಕೋರ್ಟು ಕೇಳಲಿಲ್ಲ. ದಂಡ ಬಿತ್ತು. ಮತ್ತೊಮ್ಮೆ ಸಿಕ್ಕರೆ ಲೈಸೆನ್ಸು ಹೋಗುತ್ತದೆ ಎಂದು ಎಚ್ಚರಿಕೆಯೂ ಆಯಿತು.

ಅಂದಿನಿಂದ ಸೋಮವಾರ ಅವನು ಒಳಗಿದ್ದರೆ ಕತ್ತಲು, ಹೊರಗಿದ್ದರೆ ಬೀದಿ. ಒಂದು ವಾರ ಸಾತಾರಾ ರಸ್ತೆ ಹಿಡಿದು ಕಾತ್ರಜದ ಕೆರೆಯವರೆಗೆ ನಡೆದ. ನೀರು ನೋಡಿದ. ನೀರನ್ನು ಎಷ್ಟು ಹೊತ್ತು ನೋಡುವುದು, ಎದ್ದು ಬಂದ. ಇನ್ನೊಂದು ವಾರ ನದಿಯ ಸೇತುವೆ ದಾಟಿ ಯೆರವಡಾದವರೆಗೆ ಹೋದ. ಅಲ್ಲಿ ಜೈಲಿನ ಬಾಗಿಲ ಮುಂದೆ ತಮ್ಮವರನ್ನು ಕಾಣಲು ಬಂದವರು ಬುತ್ತಿ ಹಿಡಿದು ಸಾಲಾಗಿ ಕೂತಿದ್ದರು. ಅವರ ಪಕ್ಕ ಇವನೂ ಕೂತ. ಪೋಲೀಸಿನವನು ನೀನು ಯಾರ ಪೈಕಿ ಎಂದು ಕೇಳಿದಾಗ ಎದ್ದು ಬರಬೇಕಾಯಿತು.

ಕೊನೆಗೊಂದು ಸೋಮವಾರ ಧೈರ್ಯ ಮಾಡಿ ಗೌರಾಬಾಯಿಯ ವಾಡೆಗೇ ಹೋದ. ಕೈಯಲ್ಲಿ ಬೆಲ್ಲದ ಪೊಟ್ಟಣ ಹಿಡಿದಿದ್ದ, ಮೊಮ್ಮಗನಿಗೆಂದು. ಬಾಗಿಲು ತೆರೆದದ್ದು ಅವಳ ಗಂಡ. ಗೌರಾಬಾಯಿ ಒಳಗಿನಿಂದ ಇಣುಕಿದವಳು ಸೆರಗು ಎಳೆದುಕೊಂಡು ಗೋಡೆಯ ಮರೆಗೆ ಸರಿದಳು. ದಿನಾ ಬೆಳಿಗ್ಗೆ ಕಟ್ಟೆ ತುಂಬ ಮಾತಾಡುವ ಹೆಂಗಸು ಅವತ್ತು ಉಸಿರೆತ್ತಲಿಲ್ಲ. ಪರ ಗಂಡಸು ಹೊಸ್ತಿಲ ಮುಂದೆ ನಿಂತಾಗ ಅವಳಾದರೂ ಏನು ಮಾಡಬೇಕಿತ್ತು?

"ನಮ್ಮವಳು ಅಂಗಡಿಯಲ್ಲಿ ಏನಾದರೂ ಮರೆತು ಬಂದಳೇ?" ಎಂದು ಗಂಡ ಕೇಳಿದ.

"ಹೌದು, ಇದನ್ನ," ಎಂದು ಶಿವಪುತ್ರಪ್ಪ ಪೊಟ್ಟಣ ಕೊಟ್ಟ. ಗಂಡ ಉಪಕಾರವಾಯಿತು ಎಂದು ಬಾಗಿಲು ಮುಂದೆ ಮಾಡಿದ. ಮಕ್ಕಳ ಸದ್ದು, ಪಾತ್ರೆಯ ಸದ್ದು ಬಾಗಿಲ ಆಚೆಯಿಂದ ಕೇಳುತ್ತಲೇ ಇತ್ತು. ಶಿವಪುತ್ರಪ್ಪನಿಗೆ ಬೀದಿಯಲ್ಲೇ ಅಳು ಬಂತು.

ಅವನಿಗೆ ಪುಣೆಯಲ್ಲಿ ಇದ್ದ ಒಬ್ಬನೇ ಒಬ್ಬ ಹತ್ತಿರದವನೆಂದರೆ ಕಾಡಪ್ಪ. ಅಥಣಿಯವನು, ವಕೀಲರೊಬ್ಬರ ಹತ್ತಿರ ಗುಮಾಸ್ತ. ಕಾಯದೆಯ ಕಾಗದ ತಂದು ಕಟ್ಟೆಯ ಮೇಲೆ ಕೂತು ಓದಿದ.

"ಕೇಳೋ ಇಲ್ಲೆ. ಕೆಲವು ಧಂದೆಕ್ಕ ಸೂಟಿ ಇಲ್ಲ, ಏಳೂ ದಿನ ಅಂಗಡಿ ತಗದಿರಬಹುದು. ಹಾಲು, ಹೂವು, ಕಾಯಿಪಲ್ಯ, ಔಷಧ, ಪಾನ್ ಬೀಡಿ. ಆಮ್ಯಾಲೆ ಮಣ್ಣಿನ ಸಾಮಾನ."

"ಯಾವ ಮಣ್ಣು? ಕುಂಬಾರಂದೋ?"

"ಅಲ್ಲೋ, ಸತ್ತವರಿಗೆ ಹತ್ತೂದು. ಬಿದಿರು, ಗಡಿಗಿ, ಕೋರಾ ಅರಿವಿ."

ಹಾಲಿಗೆ ಗವಳಿಗಳಿದ್ದರು, ಹೂವಿಗೆ ಮಾಳಿಗಳಿದ್ದರು, ಪಾನಿಗೆ ತಾಂಬೋಳಿಗಳು. ಕಾಯಿಪಲ್ಯಕ್ಕೆ ಮಂಡಯಿ ಮಾರುಕಟ್ಟೆಯಲ್ಲಿ ಅಜ್ಜನ ಕಾಲದಿಂದ ಕೂತ ಜನ. ಯಾರೂ ಬೇರೆಯವನನ್ನು ಒಳಗೆ ಬಿಡುವವರಲ್ಲ. ಔಷಧಕ್ಕೆ ಬೇರೆಯದೇ ಲೈಸೆನ್ಸು. ಯಾರೂ ತನ್ನದೆಂದು ಅಡ್ಡ ನಿಲ್ಲದ ಧಂದೆ ಆ ಪಟ್ಟಿಯಲ್ಲಿ ಕೊನೆಯದೊಂದೇ.

"ಅದನ್ನ ಮಾಡ್ತೇನಿ," ಎಂದ ಶಿವಪುತ್ರಪ್ಪ.

ಕಾಡಪ್ಪ ತಡೆದನೇ? ತಡೆಯಲಿಲ್ಲ. ಅವನೂ ಲಿಂಗಾಯತನೇ. ಸಾವಿಗೆ ಸೂತಕವಿಲ್ಲ ಎನ್ನುವ ಮತದಲ್ಲಿ ಹುಟ್ಟಿ ಬೆಳೆದವರು ಇಬ್ಬರೂ. ಅವರಲ್ಲಿ ಸತ್ತವರನ್ನು ಇಭೂತಿ ಹಚ್ಚಿ, ಕೂಡಿಸಿ, ಭಜನೆಯ ಸಂಗಡ ಒಯ್ಯುತ್ತಾರೆ. ಬಂದವರು ಉಂಡು ಹೋಗುತ್ತಾರೆ. ಹೆಣಕ್ಕೆ ಹತ್ತುವ ಬಟ್ಟೆ ಮಾರಿದರೆ ಅಂಗಡಿಗೆ ಏನಾದರೂ ಆದೀತು ಎಂಬ ಮಾತು ಆ ಕಟ್ಟೆಯ ಮೇಲೆ ಕೂತ ಇಬ್ಬರ ತಲೆಗೂ ಹೊಳೆಯಲಿಲ್ಲ. ಪುಣೆಯಲ್ಲಿ ಕೂದಲು ನರೆತಿತ್ತು, ಆದರೂ ಆ ಗಳಿಗೆಯಲ್ಲಿ ಇಬ್ಬರೂ ಊರಲ್ಲೇ ಕೂತಿದ್ದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಚೀಲಗಳನ್ನು ಮಾರಿ ಬಿದಿರು ತಂದು ಗೋಡೆಗೆ ಒರಗಿಸಿದ. ಗಡಿಗೆ ಪೇರಿಸಿದ. ಸುಂಬದ ಹಗ್ಗ, ಗುಲಾಲು, ಕರ್ಪೂರ, ಬೆರಣಿ ಒಪ್ಪವಾಗಿ ಇಟ್ಟ. ಸೋಮವಾರ ಬೆಳಿಗ್ಗೆ ಹಲಗೆಗಳನ್ನೆಲ್ಲ ತೆಗೆದು, ಕಟ್ಟೆ ತೊಳೆದು, ಮದುವೆಮನೆಯ ಯಜಮಾನನ ಹಾಗೆ ಕಾದು ಕೂತ. ಇನ್‌ಸ್ಪೆಕ್ಟರು ಬಂದು ನೋಡಿ ತಲೆಯಾಡಿಸಿ ಹೋದ. ಅವನ ಹಿಂದೆ ಯಾರೂ ಬರಲಿಲ್ಲ. ಟಾಂಗಾದವನು ಕುದುರೆಯನ್ನು ಇನ್ನೊಂದು ಓಣಿಯಿಂದ ಹೊಡೆದುಕೊಂಡು ಹೋದ. ಭಟ್ಟರು ದೂರದಲ್ಲೇ ತಿರುಗಿದರು.

ಗೌರಾಬಾಯಿ ಎದುರು ಬದಿಯಲ್ಲಿ ನಿಂತಳು. ಅಲ್ಲಿಂದಲೇ ಕೇಳಿದಳು, "ಅಪ್ಪಾ, ಹೀಗೇಕೆ ಮಾಡಿಕೊಂಡೆ?"

"ಈಗ ಸೋಮವಾರವೂ ಇರುತ್ತೇನೆ ಬಾಯೀ," ಎಂದ ಶಿವಪುತ್ರಪ್ಪ.

ಅವಳು ಬಂದ ದಾರಿಯಲ್ಲೇ ತಿರುಗಿ ನಡೆದಳು. ಮನೆಯಲ್ಲಿ ಸಣ್ಣ ಕೂಸಿತ್ತು. ಕೂಸಿರುವ ಮನೆಯವರು ಅಂಥ ಕಟ್ಟೆ ಹತ್ತುವುದುಂಟೇ? ಆಮೇಲೆ ಅವಳು ಆ ಓಣಿಗೆ ಬಂದದ್ದನ್ನು ಅವನು ಕಾಣಲಿಲ್ಲ.

ತಿರುಗಿ ಮೆಣಸಿನಕಾಯಿಯ ಮಾರಾಟ ಹಚ್ಚಿ ನೋಡಿದ. ಒಂದು ಚೀಲ ಬಾಯಿ ಬಿಚ್ಚಿ ಇಟ್ಟರೆ ಬಿಚ್ಚಿದ್ದು ಬಿಚ್ಚಿದ ಹಾಗೇ ಹುಳ ಹಿಡಿಯಿತು. ಚಟ್ಟದ ಬಿದಿರು ನಿಂತ ಜಾಗದಿಂದ ಒಲೆಯ ಮೇಲಿಡುವ ಪದಾರ್ಥ ಒಯ್ಯುವ ಹುಚ್ಚರು ಪೇಠೆಯಲ್ಲಿ ಯಾರೂ ಇರಲಿಲ್ಲ. ಸರಕಾರದ ಕಾಯದೆ ತಪ್ಪಿದರೆ ದಂಡ ಕಟ್ಟಿ ಮುಗಿಸಬಹುದು. ಓಣಿಯ ಕಾಯದೆಗೆ ದಂಡ ಯಾರಿಗೆ ಕಟ್ಟಬೇಕು ಎಂದು ಯಾರೂ ಹೇಳುವುದಿಲ್ಲ. ಸಾಮಾನಿಗೆ ಬಂದವರು ಕಟ್ಟೆ ಹತ್ತದೆ, ಬೇಕಾದ್ದನ್ನು ಬೆರಳಿನಿಂದ ತೋರಿಸಿ, ಹಿಂದೆ ನೋಡದೆ ಹೋಗುತ್ತಿದ್ದರು. ಕಾಡಪ್ಪ ಮಾತ್ರ ಬರುತ್ತಿದ್ದ. ಚಳಿಗಾಲ ಕಳೆಯುವಷ್ಟರಲ್ಲಿ ವಕೀಲರು ಮುಂಬಯಿಗೆ ಹೋದರು, ಕಾಡಪ್ಪನೂ ಅವರ ಹಿಂದೆ ಹೋದ.

ಆಷಾಢ ಬಂತು. ಪಂಢರಪುರಕ್ಕೆ ಹೋಗುವ ಪಾಲಖಿಗಳು ಪುಣೆ ದಾಟಿ ಹೋಗಿದ್ದವು, ಅವುಗಳ ಹಿಂದೆ ಅರ್ಧ ಪೇಠೆಯೇ ನಡೆದುಹೋಗಿತ್ತು. ಜಿಟಿಜಿಟಿ ಮಳೆ. ಬೆಳಿಗ್ಗೆ ಒಬ್ಬ ಬಂದ. ಧೋಂಡಿಬಾ ಎಂದು ಹೆಸರು, ರೈಲಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲ. ನಸುಕಿನಲ್ಲಿ ಹೆಂಡತಿ ಭಾಮಾ ತೀರಿಕೊಂಡಿದ್ದಳು. ಸಾಮಾನೆಲ್ಲ ಕಟ್ಟಿ ಕೊಟ್ಟರೂ ಅವನು ಹೋಗಲಿಲ್ಲ, ಮಳೆಯಲ್ಲಿ ನಿಂತೇ ಇದ್ದ.

"ಇನ್ನೇನಾದರೂ ಬೇಕೇ?" ಎಂದ ಶಿವಪುತ್ರಪ್ಪ.

"ಒಬ್ಬ ಮನುಷ್ಯ ಬೇಕು," ಎಂದ ಧೋಂಡಿಬಾ. "ನಮ್ಮ ಚಾಳಿನ ಮನೆಗಳ ಗಂಡಸರೆಲ್ಲ ಪಂಢರಪುರದ ವಾರಿಗೆ ಹೋಗಿದ್ದಾರೆ. ನಾನು, ನನ್ನ ಮೈದುನ, ಮುಂದಿನ ಮನೆಯ ಮುದುಕ. ಮೂರೇ ಹೆಗಲು."

ಶಿವಪುತ್ರಪ್ಪ ಎದ್ದು ಹಲಗೆ ಹಾಕತೊಡಗಿದ. ಅಂಥ ಅಂಗಡಿ ಹಾಡುಹಗಲೇ ಮುಚ್ಚಿದ್ದನ್ನು ಕಂಡರೂ ಏಕೆಂದು ಕೇಳುವವರು ಓಣಿಯಲ್ಲಿ ಇರಲಿಲ್ಲ.

ತಮ್ಮವರ ಹಾಗೆ ಕೂಡಿಸದೆ ಮಲಗಿಸಿದ ಹೆಣಕ್ಕೆ ಅವನು ಹೆಗಲು ಕೊಟ್ಟದ್ದು ಅದೇ ಮೊದಲು. ಭಾಮಾ ಹಗುರಾಗಿದ್ದಳು. ನದಿದಂಡೆಯ ಓಂಕಾರೇಶ್ವರದ ಸ್ಮಶಾನದವರೆಗೂ ಅವನಿಗೆ ಶಿವಗಂಗವ್ವನದೇ ನೆನಪು. ಹಸಿ ಕಟ್ಟಿಗೆ ಹೊತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ನದಿಯಲ್ಲಿ ಮುಳುಗಿ ಎದ್ದು, ಒದ್ದೆ ಧೋತ್ರದಲ್ಲೇ ಅವನು ಪೇಠೆಯ ಕಡೆ ತಿರುಗಿದಾಗ ಧೋಂಡಿಬಾ ಕೈ ಹಿಡಿದ.

"ಹಾಗೇ ಹೋಗಬಾರದು. ಹೆಗಲು ಕೊಟ್ಟವರು ಮನೆಗೆ ಬಂದು ದೀಪ ನೋಡಿ ಹೋಗಬೇಕು. ಅದು ರೂಢಿ."

ಚಾಳಿನ ಕೋಣೆ. ಬಾಗಿಲಲ್ಲಿ ಧೋಂಡಿಬಾನ ತಾಯಿ ಎಲ್ಲರ ಕೈಗೂ ಒಂದೊಂದು ಬೇವಿನ ಎಲೆ ಕೊಟ್ಟಳು. ಅಗಿದು, ಬಾಯೆಲ್ಲ ಕಹಿಯಾಗಿ, ಶಿವಪುತ್ರಪ್ಪ ಹೊಸ್ತಿಲು ದಾಟಿದ. ವಾಡೆಯ ಕೋಣೆ ಬಿಟ್ಟ ಮೇಲೆ ಅವನು ಈ ಊರಲ್ಲಿ ದಾಟಿದ ಮೊದಲ ಹೊಸ್ತಿಲು. ಭಾಮಾ ಮಲಗಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ನೋಡಬೇಕಾದದ್ದು ದೀಪ. ಅವನು ಒಲೆಯನ್ನು ನೋಡಿದ, ಒಲೆಯ ಪಕ್ಕದ ಊದುಕೊಳವೆಯನ್ನು ನೋಡಿದ, ಹಗ್ಗದ ಮೇಲೆ ಇನ್ನೂ ಒಣಗುತ್ತಿದ್ದ ಹಸಿರು ಸೀರೆಯನ್ನು ನೋಡಿದ. ಮುದುಕಿ ಗೋಡೆಯ ಕಡೆ ಸರಿದು ಜಾಗ ಮಾಡಿ, "ಕೂತುಕೋ ಬಾಬಾ," ಎಂದಳು. ಕೂತ. ಯಾರೂ ಅವನನ್ನು ಏನೂ ಕೇಳಲಿಲ್ಲ. ಅಲ್ಲೇ ಕೂತಿರಬೇಕು ಎಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ, ಸಾವಿನ ಮನೆಯಲ್ಲಿ ಇಂಥ ಆಸೆಯೇ ಎಂದು ನಾಚಿಕೆಯಾಯಿತು.

ಮುಂದಿನ ಮನೆಯ ಮುದುಕ ಎದ್ದು ಹೋದ. ಮೈದುನ ಕಟ್ಟಿಗೆಯವನ ಹಣ ಕೊಟ್ಟು ಬರಲು ಹೋದ. ಇನ್ನು ಕೂಡಲು ಕಾರಣ ಉಳಿಯಲಿಲ್ಲ. ಶಿವಪುತ್ರಪ್ಪ ಎದ್ದ. ಹೊಸ್ತಿಲಲ್ಲಿ ತಿರುಗಿ, ಯಾವ ಮನೆಯಿಂದ ಹೊರಡುವಾಗಲೂ ಹೇಳುವ ಮಾತು ಹೇಳಲು ಬಾಯಿ ತೆರೆದ. ಮುದುಕಿ ಗಾಬರಿಯಾಗಿ ಕೈ ಅಡ್ಡ ಮಾಡಿದಳು. ಸಾವಾದ ಮನೆಯಿಂದ ಹೋಗುವವರು ಬರುತ್ತೇನೆ ಎನ್ನಬಾರದು. ಹೇಳದೆ ಹೋಗಬೇಕು, ಹಿಂದೆ ನೋಡಬಾರದು.

ಅವನು ಹೇಳಲಿಲ್ಲ, ಹಿಂದೆ ನೋಡಲಿಲ್ಲ. ಚಾಳಿನ ಅಂಗಳ ದಾಟಿದ, ನಲ್ಲಿ ದಾಟಿದ, ರಸ್ತೆಗೆ ಬಂದ. ತಿರುವಿನಲ್ಲಿ ನಿಂತು, ಸುತ್ತ ಯಾರೂ ಕೇಳಿಸಿಕೊಳ್ಳುವವರಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಬರ್ತೇನ್ರಿ," ಎಂದ.